ಹೊಸ ಡಬ್ಬಿ ಬೇಡ, ಮನೇಲಿ ಇರೋದೇ ಸಾಕು: ಮಳೆಗಾಲಕ್ಕೆ ಮೊದಲು ಅಡುಗೆಮನೆ, ಫ್ರಿಡ್ಜ್ ಹೀಗೆ ಜೋಡಿಸಿಕೊಳ್ಳಿ

ಶಿವಮೊಗ್ಗ: ಮಳೆ ಹಿಡಿದು ವಾರ ಕಳೆಯೋದ್ರೊಳಗೆ ಮಲೆನಾಡಿನ ಅಡುಗೆಮನೆಗಳಲ್ಲಿ ಅದೇ ಕಥೆ. ಉಪ್ಪು ನೀರೊಡೆಯುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ರವೆಯಲ್ಲಿ ಹುಳ ಓಡಾಡುತ್ತವೆ. ಫ್ರಿಡ್ಜ್‌ನ ಮೂಲೆಯಲ್ಲಿ ಯಾವಾಗ ಇಟ್ಟದ್ದೋ ಗೊತ್ತಿಲ್ಲದ ಬಟ್ಟಲೊಂದು ಸಿಗುತ್ತದೆ. ಆಗ ಅನಿಸೋದು ಒಂದೇ: "ಜಾಗ ಸಾಲಲ್ಲ, ಒಂದಿಷ್ಟು ಒಳ್ಳೆ ಡಬ್ಬಿ ತಗೋಬೇಕು."

ಮೊಬೈಲ್ ತೆಗೆದರೆ ಒಂದೇ ಅಳತೆಯ ಡಬ್ಬಿಗಳ ಸೆಟ್, ಫ್ರಿಡ್ಜ್ ಬುಟ್ಟಿ, ತಿರುಗುವ ಸ್ಟ್ಯಾಂಡ್ ಎಲ್ಲ ಸಾಲಾಗಿ ಕಾಣುತ್ತವೆ. ಆದರೆ ಹೆಚ್ಚಿನ ಮನೆಗಳಲ್ಲಿ ಕೊರತೆ ಇರೋದು ಡಬ್ಬಿಯದ್ದಲ್ಲ. ಒಳಗೆ ಏನಿದೆ ಅಂತ ಕಾಣದೇ ಇರೋದು ಒಂದು ತೊಂದರೆ. ತೇವ ಒಳಗೆ ಹೋಗೋದು ಇನ್ನೊಂದು. ಕಣ್ಣಿಗೆ ಬೀಳದ್ದು ಕೆಡುತ್ತದೆ, ತೇವ ತಾಗಿದ್ದು ಬೇಗ ಕೆಡುತ್ತದೆ. ಇವೆರಡನ್ನು ಸರಿ ಮಾಡಲು ಹಣ ಬೇಕಿಲ್ಲ, ಬಿಸಿಲಿರುವ ಒಂದು ದಿನ ಸಾಕು.

ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಹೆಚ್ಚು ಮಳೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತಿಂಗಳುಗಟ್ಟಲೆ ಗೋಡೆ ಒಣಗೋದಿಲ್ಲ. ಶಿವಮೊಗ್ಗ, ಭದ್ರಾವತಿ, ಶಿಕಾರಿಪುರದ ಕಡೆ ಅಷ್ಟು ಥಂಡಿ ಇಲ್ಲದಿದ್ದರೂ ಜುಲೈ, ಆಗಸ್ಟ್‌ನಲ್ಲಿ ಡಬ್ಬಿ ಮುಚ್ಚಳ ತೆರೆದಿಟ್ಟರೆ ಪರಿಣಾಮ ಅದೇ. ಹಾಗಾಗಿ ಈ ಕೆಲಸಕ್ಕೆ ಮೇ ತಿಂಗಳು ಸರಿಯಾದ ಕಾಲ. ಅದು ತಪ್ಪಿದರೆ ಮಳೆ ಬಿಡುವು ಕೊಟ್ಟ ದಿನ ನೋಡಿಕೊಳ್ಳಿ.

ಮೊದಲ ಕೆಲಸ: ಒಂದು ಶೆಲ್ಫ್, ನಾಲ್ಕು ಗುಂಪು

ಇಡೀ ಅಡುಗೆಮನೆಯನ್ನು ಒಮ್ಮೆಲೇ ಹರಡಿಕೊಂಡರೆ ಮಧ್ಯಾಹ್ನದ ಅಡುಗೆಗೂ ಜಾಗ ಇರಲ್ಲ. ಒಂದು ಶೆಲ್ಫ್ ಖಾಲಿ ಮಾಡಿ, ಒರೆಸಿ, ಒಣಗಿಸಿ, ಜೋಡಿಸಿ. ಆಮೇಲೆ ಮುಂದಿನದು. ಹೊರಗೆ ಬಂದದ್ದನ್ನೆಲ್ಲ ನೆಲದ ಮೇಲೆ ನಾಲ್ಕು ಗುಂಪು ಮಾಡಿ:

- ಸರಿಯಾಗಿದೆ, ಇರಲಿ
- ಸರಿಯಾಗಿದೆ, ಆದರೆ ಬೇಗ ಮುಗಿಸಬೇಕು
- ನಮಗೆ ಬೇಡ, ಒಡೆಯದ ಪ್ಯಾಕೆಟ್, ಯಾರಿಗಾದರೂ ಕೊಡಬಹುದು
- ಬಿಸಾಡಬೇಕು

ಎರಡು ಕಡೆ ಅರ್ಧರ್ಧ ಇದ್ದ ಸಾಸಿವೆ, ಮೂರು ಕಡೆ ಇದ್ದ ಉದ್ದಿನಬೇಳೆ ಆಗಲೇ ಕಾಣೋದು. ಇದ್ದದ್ದನ್ನೇ ಮತ್ತೆ ಕೊಂಡು ತಂದದ್ದು ಎಷ್ಟು ಅಂತ ಲೆಕ್ಕ ಸಿಗೋದೂ ಆಗಲೇ. ಎರಡೂ ಚೆನ್ನಾಗಿದ್ದರೆ ಹಳೆಯದನ್ನು ಮೊದಲು ಖಾಲಿ ಮಾಡಿ. ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ. ಹಳೆಯದರಲ್ಲಿ ಹುಳದ ಮೊಟ್ಟೆ ಇದ್ದರೆ ಹೊಸದೂ ಹೋಗುತ್ತದೆ.

ಪ್ಯಾಕೆಟ್ ಮೇಲಿನ ದಿನಾಂಕದ ಬಗ್ಗೆ ಗೊಂದಲ ಬೇಡ. 'ಎಕ್ಸ್‌ಪೈರಿ' ಅಥವಾ 'ಯೂಸ್ ಬೈ' ಅಂತ ಇದ್ದರೆ ಆ ದಿನ ಕಳೆದ ಮೇಲೆ ಬಳಸುವ ಹಾಗಿಲ್ಲ. 'ಬೆಸ್ಟ್ ಬಿಫೋರ್' ಅಂದರೆ ಅಲ್ಲಿಯವರೆಗೆ ರುಚಿ, ಗುಣಮಟ್ಟ ಚೆನ್ನಾಗಿರುತ್ತದೆ ಎಂದರ್ಥ. ಆ ದಿನ ದಾಟಿದ್ದು ವಿಷವೇನಲ್ಲ. ಬಣ್ಣ, ವಾಸನೆ ನೋಡಿ ನಿರ್ಧರಿಸಬಹುದು.

ಒಂದು ವಿಷಯದಲ್ಲಿ ಮಾತ್ರ "ಅಯ್ಯೋ, ದುಡ್ಡು ಕೊಟ್ಟು ತಂದದ್ದು" ಅನ್ನಬೇಡಿ. ಬೂಷ್ಟು ಹಿಡಿದ ಶೇಂಗಾ, ಒಣಮೆಣಸು, ಜೋಳ, ಕೊಬ್ಬರಿಯನ್ನು ತೊಳೆದು, ಹುರಿದು ಬಳಸುವುದು ತಪ್ಪು. ಇವುಗಳ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಅದು ಯಕೃತ್ತಿಗೆ ಹಾನಿ ಮಾಡುತ್ತದೆ, ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಇಂಥದ್ದನ್ನು ದನಕ್ಕೂ ಹಾಕಬಾರದು.

ಡಬ್ಬಿ ಎಲ್ಲಿಂದ? ಮನೆಯಲ್ಲೇ ಹುಡುಕಿ

ಹಾರ್ಲಿಕ್ಸ್, ಜೇನು, ಕಾಫಿಪುಡಿ, ತುಪ್ಪದ ಬಾಟಲಿಗಳು. ಮದುವೆಯಲ್ಲಿ ಬಂದು ಅಟ್ಟ ಸೇರಿದ ಸ್ಟೀಲ್ ಡಬ್ಬಿಗಳು. ಬಿಸ್ಕತ್ತಿನ ತಗಡಿನ ಡಬ್ಬ. ಮುಚ್ಚಳ ಸರಿ ಇರುವ ಹಳೇ ಟಿಫಿನ್ ಕ್ಯಾರಿಯರ್. ಒಂದು ಸಂಸಾರಕ್ಕೆ ಇಷ್ಟು ಧಾರಾಳ ಸಾಕು.

ಗಾಜಿನದು ಪುಡಿ, ಕಾಳು, ಉಪ್ಪಿನಕಾಯಿಗೆ ಒಳ್ಳೆಯದು. ಒಳಗಿರುವುದು ಕಾಣುತ್ತದೆ, ವಾಸನೆ ಹಿಡಿಯುವುದಿಲ್ಲ. ಸ್ಟೀಲ್ ಡಬ್ಬಿ ಅಕ್ಕಿ, ಬೇಳೆ, ಹಿಟ್ಟಿಗೆ ಸರಿ. ಒಳಗಿರುವುದು ಕಾಣದ ಕಾರಣ ಹೆಸರು ಬರೆದು ಅಂಟಿಸಲೇಬೇಕು. ಕ್ಯಾಲೆಂಡರ್ ಹಾಳೆಯ ತುಂಡಿಗೆ ಅನ್ನದ ಅಗುಳು ಹಚ್ಚಿದರೂ ಅಂಟುತ್ತದೆ, ಗಾಯಕ್ಕೆ ಹಾಕುವ ಬಿಳಿ ಪ್ಲಾಸ್ಟರ್ ಆದರೆ ಇನ್ನೂ ಗಟ್ಟಿ. ಹೆಸರಿನ ಕೆಳಗೆ ತಂದ ತಿಂಗಳು ಬರೆಯಿರಿ. ಪ್ಯಾಕೆಟ್ ಮೇಲಿನ ದಿನಾಂಕದ ತುಂಡು ಕತ್ತರಿಸಿ ಡಬ್ಬಿಗೇ ಅಂಟಿಸಿದರೆ ಇನ್ನೂ ಸುಲಭ.

ಬಾಟಲಿ ತೊಳೆದ ಮೇಲೆ ಮುಚ್ಚಳ ಬೇರೆ, ಬಾಟಲಿ ಬೇರೆ ಮಾಡಿ ಒಂದು ದಿನ ಬಿಸಿಲಿಗೆ ಇಡಿ. ಮುಚ್ಚಳದ ಸಂದಿಯಲ್ಲಿ ಉಳಿದ ಒಂದು ಹನಿ ನೀರು ಇಡೀ ಡಬ್ಬಿ ಹಿಟ್ಟನ್ನು ಕೆಡಿಸಬಲ್ಲದು. ಉಪ್ಪಿನಕಾಯಿ ವಾಸನೆ ಬಿಡದ ಮುಚ್ಚಳಕ್ಕೆ ಸಕ್ಕರೆ, ಕಾಫಿಪುಡಿ ಹಾಕಬೇಡಿ. ಅದು ಉಪ್ಪಿನಕಾಯಿಗೇ ಇರಲಿ.

ಬಳಸಲೇಬಾರದವು

- ಔಷಧಿ ಕ್ಯಾನ್: ಅಡಿಕೆ ತೋಟಕ್ಕೆ ತಂದ ಔಷಧಿಯ ಕ್ಯಾನ್, ಮೈಲುತುತ್ತ ಇಟ್ಟ ಡಬ್ಬ, ಪೇಂಟ್ ಬಕೆಟ್ ಎಷ್ಟು ತೊಳೆದರೂ ಆಹಾರಕ್ಕಲ್ಲ, ಕುಡಿಯುವ ನೀರಿಗೂ ಅಲ್ಲ.
- ನೀರು, ಜ್ಯೂಸ್ ಬಾಟಲಿ: ತೆಳು ಪ್ಲಾಸ್ಟಿಕ್ ಬಾಟಲಿಗೆ ಬಿಸಿ ಪದಾರ್ಥ ಹಾಕಬೇಡಿ. ಒಣ ಕಾಳಿಗೆ ಕೆಲವು ದಿನ ನಡೆಯುತ್ತದೆ.
- ರಟ್ಟಿನ ಪೆಟ್ಟಿಗೆ: ಮಲೆನಾಡಿನ ತೇವಕ್ಕೆ ರಟ್ಟು ಥಂಡಿ ಹೀರುತ್ತದೆ, ಅದರ ಮಡಿಕೆಯಲ್ಲಿ ಜಿರಳೆ ಮೊಟ್ಟೆ ಇಡುತ್ತದೆ.
- ಪೇಪರ್: ನ್ಯೂಸ್‌ಪೇಪರ್‌ನಲ್ಲಿ ಆಹಾರ ಸುತ್ತಬೇಡಿ ಅಂತ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೇಳಿದೆ. ಕಾರಣ ಅದರ ಮಸಿ. ಶೆಲ್ಫ್‌ಗೆ ಹಾಸಲು ಅಡ್ಡಿಯಿಲ್ಲ, ಸೊಪ್ಪು, ಚಪಾತಿಗೆ ಬೇಡ.

ಇದರ ಉಲ್ಟಾ ತಪ್ಪು ಇನ್ನೂ ಅಪಾಯದ್ದು. ಫಿನಾಯಿಲ್, ಆಸಿಡ್, ಸೀಮೆಎಣ್ಣೆ, ತೋಟದ ಔಷಧಿಯನ್ನು ನೀರಿನ ಬಾಟಲಿಗೆ, ಹಾರ್ಲಿಕ್ಸ್ ಬಾಟಲಿಗೆ ಹಾಕಿ ಅಡುಗೆಮನೆ ಮೂಲೆಯಲ್ಲಿ ಇಡಬೇಡಿ. ಮಕ್ಕಳಿಗೆ, ಕಣ್ಣು ಮಂಜಾದ ಹಿರಿಯರಿಗೆ ಬಾಟಲಿಯೇ ಗುರುತು. ಅವು ಬಂದ ಕ್ಯಾನ್‌ನಲ್ಲೇ, ಅಡುಗೆಮನೆಯ ಹೊರಗೆ, ಮಕ್ಕಳ ಕೈಗೆ ಸಿಗದ ಕಡೆ ಇರಲಿ.

ಯಾವುದು ಎಲ್ಲಿ?

ಹಳೇ ಮನೆಗಳಲ್ಲಿ ಸೌದೆ ಒಲೆಯ ಮೇಲೆ ಹೊಗೆ ಅಟ್ಟ ಇರುತ್ತಿತ್ತು. ದಿನವಿಡೀ ಬಿಸಿ, ಹೊಗೆ ತಾಗಿ ಅಲ್ಲಿಟ್ಟದ್ದು ಮಳೆಗಾಲದಲ್ಲೂ ಗರಿಗರಿಯಾಗಿ ಇರುತ್ತಿತ್ತು. ಆ ರೂಢಿಯಲ್ಲೇ ಈಗಲೂ ಗ್ಯಾಸ್ ಒಲೆಯ ಮೇಲಿನ ಶೆಲ್ಫ್‌ನಲ್ಲಿ ಮಸಾಲೆ ಪುಡಿ ಇಡುವವರು ಬಹಳ. ಆದರೆ ಗ್ಯಾಸ್ ಒಲೆ ಸ್ವಲ್ಪ ಹೊತ್ತು ಉರಿದು ಆರುತ್ತದೆ. ಮೇಲೆ ಹೋಗುವುದು ಕುಕ್ಕರ್ ಹಬೆ, ಒಗ್ಗರಣೆಯ ಜಿಡ್ಡು. ಪುಡಿ ಗಂಟು ಕಟ್ಟುವುದು, ಘಮ ಹೋಗುವುದು ಇದರಿಂದಲೇ. ಮಸಾಲೆ, ಕಾಫಿಪುಡಿ, ಹಪ್ಪಳವನ್ನು ಒಲೆಯಿಂದಲೂ ಸಿಂಕ್‌ನಿಂದಲೂ ದೂರ ಇಡಿ. ಒಲೆ ಮೇಲಿನ ಶೆಲ್ಫ್ ಪಾತ್ರೆಗಳಿಗೆ ಇರಲಿ.

ಉಳಿದ ಜಾಗ ಹಂಚಲು ಒಂದೇ ಪ್ರಶ್ನೆ: ಇದನ್ನು ಎಷ್ಟು ಸಲ ಮುಟ್ಟುತ್ತೀರಿ?

- ದಿನಾ ಬೇಕಾದದ್ದು: ಉಪ್ಪು, ಸಾಸಿವೆ, ಬೇಳೆ, ಸಾರಿನ ಪುಡಿ, ಕಾಫಿ, ಸಕ್ಕರೆ. ಎದೆಯಿಂದ ಕಣ್ಣಿನ ಎತ್ತರದೊಳಗೆ.
- ವಾರಕ್ಕೊಮ್ಮೆ: ರವೆ, ಅವಲಕ್ಕಿ, ಶಾವಿಗೆ, ಕಡಲೆಕಾಳು. ಅದರ ಮೇಲಿನ ಸಾಲು.
- ಹಬ್ಬಕ್ಕೆ: ಗಸಗಸೆ, ಒಣದ್ರಾಕ್ಷಿ, ಕರಿಯುವ ಸಂಡಿಗೆ. ಎಲ್ಲಕ್ಕಿಂತ ಮೇಲೆ.
- ಭಾರದ್ದು: ಅಕ್ಕಿ, ಎಣ್ಣೆ ಡಬ್ಬ, ಬೆಲ್ಲ. ಕೆಳಗೆ, ಆದರೆ ನೆಲಕ್ಕೆ ತಾಗದಂತೆ. ಕೂರಲು ಬಳಸದೆ ಮೂಲೆಗೆ ಹೋದ ಮಣೆ ಇದ್ದರೆ ಅದರ ಮೇಲಿಡಿ. ಗೋಡೆಗೆ ಒತ್ತಿ ಇಡದೆ ನಾಲ್ಕು ಬೆರಳು ಸಂದು ಬಿಡಿ.

ಸಣ್ಣ ಬಾಟಲಿಗಳು ಹಿಂದಿನ ಸಾಲಿಗೆ ಹೋದರೆ ಮರೆತ ಹಾಗೇ. ಒಂದು ಹಳೇ ಸ್ಟೀಲ್ ತಟ್ಟೆ ಅಥವಾ ಪರಾತದಲ್ಲಿ ಎಲ್ಲವನ್ನೂ ನಿಲ್ಲಿಸಿ ಶೆಲ್ಫ್‌ಗೆ ತಳ್ಳಿ. ಬೇಕಾದಾಗ ತಟ್ಟೆ ಎಳೆದರೆ ಹಿಂದಿನದೂ ಮುಂದೆ ಬರುತ್ತದೆ. ಅಂಗಡಿಯ ತಿರುಗುವ ಸ್ಟ್ಯಾಂಡ್ ಮಾಡುವುದೂ ಇದನ್ನೇ.

ದೊಡ್ಡ ಡಬ್ಬಿಯನ್ನು ದಿನಾ ತೆರೆಯಬೇಡಿ. ವಾರಕ್ಕೆ ಬೇಕಾಗುವಷ್ಟು ಸಣ್ಣ ಡಬ್ಬಿಗೆ ತೆಗೆದುಕೊಳ್ಳಿ. ಉಪ್ಪಿನಕಾಯಿಗೂ ಇದೇ ನಿಯಮ. ಅಪ್ಪೆಮಿಡಿಯ ಭರಣಿ ಹಾಗೇ ಇರಲಿ. ಊಟಕ್ಕೆ ಸಣ್ಣ ಬಾಟಲಿಗೆ, ಒಣಗಿದ ಸೌಟಿನಿಂದಲೇ ತೆಗೆಯಿರಿ. ಹಪ್ಪಳ, ಸಂಡಿಗೆಯನ್ನು ಬಿಸಿಲು ಕಂಡ ದಿನ ಇನ್ನೊಮ್ಮೆ ಕಾಯಿಸಿ, ಆರಿದ ಮೇಲೆ ಮುಚ್ಚಿ.

ಅಕ್ಕಿ, ಬೇಳೆ, ರವೆಗೆ ಹುಳ ಬಂದರೆ

ರೇಷನ್ ಅಕ್ಕಿ, ಅಂಗಡಿ ಅಕ್ಕಿ, ಗದ್ದೆ ಅಕ್ಕಿ ಮೂರೂ ಇರುವ ಮನೆಗಳಿವೆ. ಮೂರನ್ನೂ ಬೇರೆ ಬೇರೆ ಇಟ್ಟು, ಮೊದಲು ಬಂದದ್ದನ್ನು ಮೊದಲು ಮುಗಿಸಿ. ಒಣಗಿದ ಬೇವಿನ ಎಲೆ, ಒಣಮೆಣಸು ಹಾಕುವ ರೂಢಿ ಒಳ್ಳೆಯದೇ. ಅದು ಹುಳವನ್ನು ಸ್ವಲ್ಪ ದೂರ ಇಡಬಹುದು, ಬಂದ ಹುಳವನ್ನು ಕೊಲ್ಲುವುದಿಲ್ಲ.

ರವೆ, ಮೈದಾ, ಕಡಲೆಹಿಟ್ಟನ್ನು ತಂದ ಕೂಡಲೇ ಬಿಗಿಯಾಗಿ ಕಟ್ಟಿ ಒಂದು ವಾರ ಫ್ರೀಜರ್‌ನಲ್ಲಿಟ್ಟರೆ ಕಣ್ಣಿಗೆ ಕಾಣದ ಮೊಟ್ಟೆಗಳು ಸಾಯುತ್ತವೆ. ಹೊರಗೆ ತೆಗೆದ ಮೇಲೆ ತಣ್ಣಗಿರುವಾಗಲೇ ಬಿಚ್ಚಬೇಡಿ, ನೀರಾಡುತ್ತದೆ. ಮಾಮೂಲಿ ಬಿಸಿಗೆ ಬಂದ ಮೇಲೆ ಡಬ್ಬಿಗೆ ಹಾಕಿ.

ಅಕ್ಕಿಗೆ ಬೋರಿಕ್ ಪೌಡರ್ ಬೆರೆಸುವ ಅಭ್ಯಾಸ ಕೆಲವೆಡೆ ಇದೆ. ಇದು ಜಿರಳೆ ಕೊಲ್ಲಲು ಬಳಸುವ ಪುಡಿ, ಹೊಟ್ಟೆಗೆ ಹೋಗಬಾರದು. ಗೋದಾಮಿನಲ್ಲಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯಂತೂ ಮನೆಯೊಳಗೆ ಬರಲೇಬಾರದು. ತೇವ ತಾಗಿದರೆ ಅದರಿಂದ ಹೊರಡುವ ಗ್ಯಾಸ್ ಮನೆಮಂದಿಯ ಪ್ರಾಣ ತೆಗೆಯಬಲ್ಲದು. ಹುಳ ಬಂದ ಅಕ್ಕಿಯನ್ನು ಜರಡಿ ಹಿಡಿದು, ಕೇರಿ, ನೆರಳಲ್ಲಿ ಹರಡಿದರೆ ಸಾಕು.

ಫ್ರಿಡ್ಜ್: ಎಲ್ಲ ಕಡೆ ಒಂದೇ ತಂಪಲ್ಲ

ಫ್ರಿಡ್ಜ್ ಒಳಗೆ 4ರಿಂದ 5 ಡಿಗ್ರಿ ಸೆಲ್ಸಿಯಸ್, ಫ್ರೀಜರ್‌ನಲ್ಲಿ ಮೈನಸ್ 18 ಇದ್ದರೆ ಸರಿ. ಒಳಗಿನ ಗುಂಡಿಯಲ್ಲಿರುವ 1, 2, 3 ಅನ್ನೋ ಅಂಕಿ ಡಿಗ್ರಿ ಅಲ್ಲ. ಸಾಮಾನ್ಯವಾಗಿ ಅಂಕಿ ಹೆಚ್ಚಿದಷ್ಟೂ ತಂಪು ಹೆಚ್ಚು.

ಬಾಗಿಲು ತೆರೆದಾಗೆಲ್ಲ ಹೊರಗಿನ ಗಾಳಿ ಮೊದಲು ತಾಗುವುದು ಬಾಗಿಲಿನ ಖಾನೆಗೆ. ಆದರೂ ಹೆಚ್ಚಿನವರು ಹಾಲು, ಮೊಟ್ಟೆ ಇಡುವುದು ಅಲ್ಲೇ. ಅವು ಒಳಗಿನ ಶೆಲ್ಫ್‌ಗೆ ಹೋಗಲಿ, ಬಾಗಿಲಿಗೆ ಸಾಸ್, ಉಪ್ಪಿನಕಾಯಿ, ನೀರಿನ ಬಾಟಲಿ ಸಾಕು. ಒಳಗಿನ ಜೋಡಣೆ ಹೀಗಿರಲಿ:

- ಮೇಲಿನ ಶೆಲ್ಫ್: ಕಾಯಿಸಿದ ಹಾಲು, ಮೊಸರು, ಬೆಣ್ಣೆ. ಒಂಟಿ ಬಾಗಿಲಿನ ಫ್ರಿಡ್ಜ್‌ನಲ್ಲಿ ಫ್ರೀಜರ್ ಕೆಳಗಿನ ಈ ಜಾಗವೇ ಹೆಚ್ಚು ತಂಪು.
- ಮಧ್ಯದ ಶೆಲ್ಫ್: ಉಳಿದ ಅಡುಗೆ, ದೋಸೆ ಹಿಟ್ಟು. ಕಣ್ಣೆದುರೇ ಇರಲಿ.
- ಕೆಳಗಿನ ಶೆಲ್ಫ್: ಹಸಿ ಮೀನು, ಕೋಳಿ, ಮಾಂಸ. ಮುಚ್ಚಳ ಇರುವ ಸ್ಟೀಲ್ ಪಾತ್ರೆಯಲ್ಲಿ. ಇದರ ನೀರು ಬೇಯಿಸಿದ ಅಡುಗೆಗೆ, ಹಸಿ ತಿನ್ನುವ ತರಕಾರಿಗೆ ಸೋರಬಾರದು.
- ತರಕಾರಿ ಟ್ರೇ: ಸೊಪ್ಪು ಒಂದು ಕಡೆ, ಉಳಿದದ್ದು ಇನ್ನೊಂದು ಕಡೆ.

ಮಧ್ಯದ ಶೆಲ್ಫ್‌ನಲ್ಲಿ ಒಂದು ತಟ್ಟೆ ಇಟ್ಟು ಅದಕ್ಕೆ 'ಮೊದಲು ಇದು' ಅಂತ ಹೆಸರಿಡಿ. ಅರ್ಧ ನಿಂಬೆ, ಅರ್ಧ ತೆಂಗಿನಕಾಯಿ, ನಿನ್ನೆಯ ಪಲ್ಯ, ಬಾಡುತ್ತಿರುವ ಬೀನ್ಸ್ ಎಲ್ಲ ಅದಕ್ಕೆ. ಅಡುಗೆ ಶುರು ಮಾಡುವ ಮೊದಲು ಆ ತಟ್ಟೆ ನೋಡುವುದು ರೂಢಿಯಾದರೆ ಫ್ರಿಡ್ಜ್‌ನಿಂದ ಕಸದ ಬುಟ್ಟಿಗೆ ಹೋಗುವುದು ಅರ್ಧ ನಿಲ್ಲುತ್ತದೆ.

ಕೊತ್ತಂಬರಿ, ಮೆಂತ್ಯ ಸೊಪ್ಪನ್ನು ಬೇರು ತೆಗೆದು, ನೀರಾರಿದ ಮೇಲೆ ಹಳೇ ಪಂಚೆ ಅಥವಾ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿ. ತೊಳೆಯುವುದು ಬಳಸುವಾಗ. ಹಸಿಮೆಣಸಿನ ತೊಟ್ಟು ತೆಗೆದು ಒಣ ಬಾಟಲಿಗೆ ಹಾಕಿ. ಕರಿಬೇವಿಗೂ ಬಾಟಲಿ ಸಾಕು.

ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿ, ಬಾಳೆಹಣ್ಣು, ಜೇನು ಫ್ರಿಡ್ಜ್‌ಗೆ ಬೇಡ. ಈರುಳ್ಳಿ, ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿದ್ದರೆ ಎರಡೂ ಬೇಗ ಕೆಡುತ್ತವೆ. ಆಲೂಗಡ್ಡೆ ಕತ್ತಲಲ್ಲಿ ಇರಲಿ, ಬೆಳಕಿಗೆ ಹಸಿರಾದ ಭಾಗ ತಿನ್ನಬಾರದು. ಮಾಗಿದ ಬಾಳೆಹಣ್ಣಿನಿಂದ ಹೊರಡುವ ಗ್ಯಾಸ್ ಪಕ್ಕದ ಹಣ್ಣು, ತರಕಾರಿಯನ್ನೂ ಬೇಗ ಮಾಗಿಸುತ್ತದೆ, ಹಾಗಾಗಿ ಗೊನೆ ಬೇರೆ ಕಡೆ ತೂಗಲಿ. ಚೀನಿಕಾಯಿ, ಮೊಗೆಕಾಯಿಯನ್ನು ಬಾಳೆನಾರಲ್ಲಿ ಕಟ್ಟಿ ಜಂತಿಗೆ ತೂಗುಹಾಕುವ ಹಳೇ ಪದ್ಧತಿಯೇ ಸರಿ. ಗಾಳಿಯಾಡುತ್ತದೆ, ಕಣ್ಣಿಗೂ ಕಾಣುತ್ತದೆ.

ಉಳಿದ ಅಡುಗೆ ಎಷ್ಟು ದಿನ?

ಅಡುಗೆ ಮುಗಿದ ಎರಡು ಗಂಟೆಯೊಳಗೆ ಫ್ರಿಡ್ಜ್ ಸೇರಬೇಕು. ದೊಡ್ಡ ಪಾತ್ರೆ ಸಮೇತ ಇಡದೆ ಸಣ್ಣ, ಅಗಲದ ಪಾತ್ರೆಗೆ ಹಾಕಿದರೆ ಬೇಗ ತಣಿಯುತ್ತದೆ, ಜಾಗವೂ ಉಳಿಯುತ್ತದೆ. ಫ್ರಿಡ್ಜ್‌ನಲ್ಲಿ ಇಡಬಹುದಾದ ಅಂದಾಜು ಅವಧಿ:

- ಅನ್ನ: ಮರುದಿನದೊಳಗೆ
- ಸಾರು, ಸಾಂಬಾರು, ಪಲ್ಯ: 2ರಿಂದ 3 ದಿನ
- ಹಸಿ ಮೀನು, ಕೋಳಿ: 1ರಿಂದ 2 ದಿನ
- ದೋಸೆ ಹಿಟ್ಟು: 3ರಿಂದ 4 ದಿನ
- ಕಾಯಿತುರಿ: 2ರಿಂದ 3 ದಿನ, ಫ್ರೀಜರ್‌ನಲ್ಲಿ ಒಂದು ತಿಂಗಳು

ರಾತ್ರಿಯಿಡೀ ಹೊರಗೆ ಬಿಟ್ಟ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಚಿತ್ರಾನ್ನ ಮಾಡುವುದು ಬಹಳ ಮನೆಗಳ ಅಭ್ಯಾಸ. ಇಂಥ ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಂತಿ, ಭೇದಿಗೆ ಅದು ಸಾಕು. ಚಿತ್ರಾನ್ನ ಬೇಕಾದರೆ ಅನ್ನ ರಾತ್ರಿಯೇ ಫ್ರಿಡ್ಜ್ ಸೇರಲಿ.

ಕರೆಂಟ್ ಹೋದರೆ

ಗಾಳಿ ಮಳೆಗೆ ಮರ ಬಿದ್ದು ಲೈನ್ ಹೋದರೆ ಬಾಗಿಲು ತೆರೆಯಬೇಡಿ. ಮುಚ್ಚಿದ ಫ್ರಿಡ್ಜ್ ಸುಮಾರು 4 ಗಂಟೆ ತಂಪು ಹಿಡಿಯುತ್ತದೆ. ಬೇರೆ ಬಾಗಿಲಿರುವ ಫ್ರೀಜರ್ ತುಂಬಿದ್ದರೆ 48 ಗಂಟೆ, ಅರ್ಧ ಇದ್ದರೆ 24 ಗಂಟೆವರೆಗೆ ತಡೆಯುತ್ತದೆ. ಒಂಟಿ ಬಾಗಿಲಿನ ಫ್ರಿಡ್ಜ್‌ನ ಒಳಗಿನ ಸಣ್ಣ ಫ್ರೀಜರ್ ಅಷ್ಟು ತಡೆಯುವುದಿಲ್ಲ. ಮಳೆಗಾಲದಲ್ಲಿ ಖಾಲಿ ಜಾಗಕ್ಕೆ ನೀರು ತುಂಬಿದ ಡಬ್ಬಿ ಇಟ್ಟು ಗಡ್ಡೆ ಕಟ್ಟಿಸಿಕೊಂಡರೆ ಸ್ವಲ್ಪ ಹೆಚ್ಚು ಹೊತ್ತು ತಂಪಿರುತ್ತದೆ. 4 ಗಂಟೆ ದಾಟಿದರೆ ಹಸಿ ಮೀನು, ಮಾಂಸ, ಬೇಯಿಸಿದ ಅಡುಗೆ ಬಳಸದಿರುವುದೇ ಕ್ಷೇಮ.

ಫ್ರೀಜರ್‌ನಲ್ಲಿ ಮಂಜು ದಪ್ಪ ಕಟ್ಟಿದರೆ ಡಿಫ್ರಾಸ್ಟ್ ಮಾಡಿ, ಚಾಕುವಿನಿಂದ ಕೆರೆಯಬೇಡಿ. ಬಾಗಿಲಿನ ರಬ್ಬರ್ ಪರೀಕ್ಷೆಗೆ ಒಂದು ಕಾಗದ ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ತಂಪು ಸೋರುತ್ತಿದೆ ಎಂದರ್ಥ. ಹೊಸ ಡಬ್ಬಿಗೆ ಇಟ್ಟಿದ್ದ ಹಣ ಈ ರಬ್ಬರ್‌ಗೆ ಹೋದರೆ ನಷ್ಟವಿಲ್ಲ.

ಸಂತೆಗೆ ಮೊದಲು ಹತ್ತು ನಿಮಿಷ

ಒಮ್ಮೆ ಜೋಡಿಸಿದ್ದು ಹಾಗೇ ಉಳಿಯಬೇಕಾದರೆ ವಾರಕ್ಕೆ ಹತ್ತು ನಿಮಿಷ ಬೇಕು. ಸಂತೆಯ ಹಿಂದಿನ ದಿನ ಇದಕ್ಕೆ ಸರಿ. ಫ್ರಿಡ್ಜ್‌ನಲ್ಲಿರುವುದನ್ನು ನೋಡಿ, 'ಮೊದಲು ಇದು' ತಟ್ಟೆ ಖಾಲಿ ಮಾಡಿ, ಒಳಗೆ ಒರೆಸಿ. ಮುಗಿದದ್ದನ್ನು ಕ್ಯಾಲೆಂಡರ್ ಹಿಂದೆ ಬರೆದುಕೊಳ್ಳಿ. ಸಂತೆಯಿಂದ ಬಂದದ್ದನ್ನು ಜೋಡಿಸುವಾಗ ಹಳೇದು ಮುಂದೆ, ಹೊಸದು ಹಿಂದೆ.

ಈ ಕೆಲಸ ಮನೆಯಲ್ಲಿ ಒಬ್ಬರದ್ದೇ ಆಗಬಾರದು. ಯಾವುದು ಎಲ್ಲಿದೆ ಅಂತ ಒಬ್ಬರಿಗೆ ಮಾತ್ರ ಗೊತ್ತಿದ್ದರೆ ಅವರು ಎರಡು ದಿನ ಊರಿಗೆ ಹೋದಾಗ ಎಲ್ಲ ಮತ್ತೆ ಕಲಸಿಹೋಗುತ್ತದೆ. ಡಬ್ಬಿ ಮೇಲೆ ಹೆಸರು ಬರೆಯುವ ಕೆಲಸ ಮಕ್ಕಳಿಗೆ ಕೊಡಿ, ಸಂತೆ ಚೀಲ ಬಿಚ್ಚುವ ಕೆಲಸ ತಂದವರಿಗೇ ಇರಲಿ. ಇಷ್ಟೆಲ್ಲ ಮಾಡಿದ ಮೇಲೂ ಡಬ್ಬಿ ಸಾಲದು ಅನಿಸಿದರೆ ಒಂದು ತಿಂಗಳು ಕಾಯಿರಿ. ಇರುವುದೆಲ್ಲ ಕಣ್ಣಿಗೆ ಕಂಡ ಮೇಲೆ ತರುವುದು ಕಡಿಮೆಯಾಗುತ್ತದೆ, ಒಂದೆರಡು ಡಬ್ಬಿ ತಾನಾಗೇ ಖಾಲಿ ಬೀಳುತ್ತವೆ.